ಕಲಬುರಗಿಯಿಂದ ಕಡಲಿಗೆ ಬೈಕ್ ಮತ್ತು ಟೆಂಟ್: ಮೂರು ದಾರಿಗಳಲ್ಲಿ ಯಾವುದು?

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಪರಿಚಯದ ಹುಡುಗರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಕಲಬುರಗಿಯಿಂದ ಬೈಕಿನಲ್ಲಿ ಕಾರವಾರ, ಗೋಕರ್ಣದ ಕಡೆ ಹೋಗಬೇಕು. ಹತ್ತು ಹನ್ನೆರಡು ದಿನ ರಜೆ ಇದೆ. ಲಾಡ್ಜ್ ಬೇಡ, ಟೆಂಟ್ ಕಟ್ಟಿಕೊಂಡು ಹೋಗುತ್ತೇವೆ. ಯಾವ ರೋಡ್ ಹಿಡಿಯೋಣ? ಹಾಗೆ ಕೇಳುತ್ತಲೇ ಮೊಬೈಲ್ ತೆಗೆದು ಮ್ಯಾಪಿನ ನೀಲಿ ಗೆರೆ ತೋರಿಸುತ್ತಾರೆ.

ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ರೋಡ್ ಆರಿಸಬೇಡಿ, ರಾತ್ರಿ ವಸ್ತಿ ಆರಿಸಿ. ಎಲ್ಲಿ ಮಲಗುತ್ತೀರಿ, ಆ ನೆಲ ಎಂಥದು, ಯಾರನ್ನು ಕೇಳಿ ಟೆಂಟ್ ಹಾಕುತ್ತೀರಿ, ನೀರು ಎಲ್ಲಿ ಸಿಗುತ್ತದೆ, ಇಷ್ಟು ಗೊತ್ತಾಗಲಿ. ಆಮೇಲೆ ಆ ಜಾಗಗಳನ್ನು ಜೋಡಿಸಿದರೆ ರೋಡ್ ತಾನಾಗಿಯೇ ಸಿಗುತ್ತದೆ. ಹಗಲು ರಸ್ತೆ ಕೆಟ್ಟದ್ದಿದ್ದರೆ ನಿಧಾನವಾಗಿ ಹೋಗಬಹುದು. ರಾತ್ರಿಯ ಜಾಗ ಕೆಟ್ಟದ್ದಾದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದೆ ಮಾರನೇ ದಿನ ಲಾರಿಗಳ ಮಧ್ಯೆ 200 ಕಿ.ಮೀ. ಗಾಡಿ ಓಡಿಸುವುದು ನಿಜಕ್ಕೂ ಅಪಾಯ.

ಕಲಬುರಗಿಯಿಂದ ಸಮುದ್ರಕ್ಕೆ ಹೋಗಲು ನನಗೆ ಗೊತ್ತಿರುವ ಒಳ್ಳೆಯ ದಾರಿಗಳು ಮೂರು. ಮೂರರಲ್ಲೂ ಹೋಗಿ ಬಂದಿದ್ದೇನೆ. ಬೀದರ್‌ನವರಿಗೂ ಇದೇ ಲೆಕ್ಕ, ಹುಮನಾಬಾದ್ ಮೇಲೆ ಕಲಬುರಗಿಗೆ ಬರಲು ಇನ್ನೊಂದು 110 ಕಿ.ಮೀ. ಚಿಲ್ಲರೆ ಸೇರಿಸಿಕೊಳ್ಳಿ. ಯಾದಗಿರಿಯವರು ನೇರ ಶಹಾಪುರಕ್ಕೆ ಹೋದರೆ ಎರಡನೇ ಮತ್ತು ಮೂರನೇ ದಾರಿ ಅಲ್ಲೇ ಸಿಗುತ್ತವೆ.

ಮೊದಲು ದಿನದ ಲೆಕ್ಕ

ಟೆಂಟ್ ಇಟ್ಟುಕೊಂಡು ಹೋಗುವಾಗ ದಿನಕ್ಕೆ 200 ಕಿ.ಮೀ. ಸಾಕು. ಲಾಡ್ಜಿಗೆ ಹೋಗುವವರು 400 ಹೊಡೆಯಬಹುದು, ರಾತ್ರಿ ಎಂಟಕ್ಕೆ ಮುಟ್ಟಿದರೂ ಅವರಿಗೆ ಹಾಸಿಗೆ ಕಾದಿರುತ್ತದೆ. ನಿಮಗೆ ಹಾಗಲ್ಲ. ಜಾಗ ಹುಡುಕಬೇಕು, ಯಜಮಾನರನ್ನು ಕೇಳಬೇಕು, ನೆಲದ ಮೇಲಿನ ಕಲ್ಲು ಮುಳ್ಳು ತೆಗೆಯಬೇಕು, ನೀರು ತರಬೇಕು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ. ಆದ್ದರಿಂದ ನಾಲ್ಕೂವರೆಗೆ ಗಾಡಿ ನಿಲ್ಲಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

ಕತ್ತಲಲ್ಲಿ ಓಡಿಸಬಾರದು ಅನ್ನುವುದಕ್ಕೆ ನಮ್ಮ ಕಡೆ ಇನ್ನೂ ಒಂದು ಕಾರಣ ಇದೆ, ಅದು ಕಬ್ಬಿನ ಟ್ರ್ಯಾಕ್ಟರ್. ನವೆಂಬರ್‌ನಿಂದ ಫ್ಯಾಕ್ಟರಿಗಳು ಶುರುವಾದರೆ ಆಳಂದ, ಅಫಜಲಪುರ, ವಿಜಯಪುರ, ಬಾಗಲಕೋಟೆ ಕಡೆ ಪೂರ್ತಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗೆ ಹಿಂದೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಹಿಂದೆ ಮುಚ್ಚಿಹೋಗಿರುತ್ತದೆ. ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆದಾಗ ಅದು ಕಾಣುವುದು ಹತ್ತಿರ ಹೋದ ಮೇಲೆಯೇ.

ಹಗಲಲ್ಲಿ ಇನ್ನೊಂದು. ರಾಶಿ ಕಾಲದಲ್ಲಿ ತೊಗರಿ, ಜೋಳ ರೋಡಿನ ಮೇಲೆ ಹರವಿರುತ್ತಾರೆ. ಅದರ ಮೇಲೆ ಬೈಕ್ ಹಾಯಿಸಬೇಡಿ. ಒಣ ಬಳ್ಳಿ, ಕಡ್ಡಿ ಚೈನಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರ್‌ಗೆ ತಗುಲಿದರೆ ಬೆಂಕಿಯೂ ಹತ್ತಬಹುದು. ಇಳಿದು ತಳ್ಳಿಕೊಂಡು ಹೋಗಿ, ಇಲ್ಲ ಅಂದರೆ ಅಲ್ಲಿದ್ದವರನ್ನೇ ಕೇಳಿ, ಬದಿಗೆ ಸರಿಸಿ ದಾರಿ ಬಿಡುತ್ತಾರೆ.

ಕಾಲ ಅಂತ ಕೇಳಿದರೆ ನವೆಂಬರ್ ಎರಡನೇ ವಾರದಿಂದ ಫೆಬ್ರವರಿ ಶುರುವಿನವರೆಗೆ. ಮಾರ್ಚ್ ಬಂತೆಂದರೆ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಘಟ್ಟದ ಕಡೆ ಟೆಂಟ್ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿದ್ದು ನೆನಪಿರಬಹುದು.

ಮೊದಲನೇ ದಾರಿ: ವಿಜಯಪುರ, ಹುಬ್ಬಳ್ಳಿ, ಅಂಕೋಲಾ

ಇದು ನೇರ ದಾರಿ. ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಜೇವರ್ಗಿ, ಸಿಂದಗಿ ಮೇಲೆ ವಿಜಯಪುರ, ಸುಮಾರು 160 ಕಿ.ಮೀ. ಅಲ್ಲಿಂದ ಹೆದ್ದಾರಿ 52 ಕೊಲ್ಹಾರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿಸುತ್ತದೆ. ಒಟ್ಟು 500 ಕಿ.ಮೀ. ಆಸುಪಾಸು. ರಸ್ತೆ ಚೆನ್ನಾಗಿದೆ, ಬೈಕಿಗೆ ಟೋಲ್ ಇಲ್ಲ, ಪೆಟ್ರೋಲ್ ಬಂಕ್, ಪಂಕ್ಚರ್ ಅಂಗಡಿ, ಧಾಬಾ ಎಲ್ಲವೂ ಕೈಗೆ ಸಿಗುವಂತಿವೆ.

ಆದರೆ ಟೆಂಟಿಗೆ ಮೂರರಲ್ಲಿ ಇದೇ ಕಷ್ಟದ ದಾರಿ. ನಮ್ಮ ಊರು ಬಿಟ್ಟಾಗಿನಿಂದ ನವಲಗುಂದ ಸೀಮೆಯವರೆಗೂ ಜಾಸ್ತಿ ಇರುವುದು ಎರೆ ಭೂಮಿ, ಅಂದರೆ ಒದ್ದೆಯಾದರೆ ಅಂಟುವ ಕಪ್ಪು ಮಣ್ಣು. ಮರ ಕಡಿಮೆ, ಗಾಳಿ ಜಾಸ್ತಿ. ಹೆದ್ದಾರಿಯ ಪಕ್ಕ ಮಲಗಿದರೆ ರಾತ್ರಿಯಿಡೀ ಲಾರಿ ಸದ್ದು. ಅದಕ್ಕೇ ನಾನು ಈ ದಾರಿಯನ್ನು ಹೋಗುವಾಗ ಹಿಡಿಯುವುದಿಲ್ಲ, ವಾಪಸ್ ಬರುವಾಗ ಹಿಡಿಯುತ್ತೇನೆ. ಬರುವಾಗ ಹೇಗೂ ಮೈ ದಣಿದಿರುತ್ತದೆ, ಮನೆ ನೆನಪಾಗುತ್ತಿರುತ್ತದೆ. ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಒಂದು ರಾತ್ರಿ ಲಾಡ್ಜ್ ಮಾಡಿದರೆ ಆಯಿತು. ಕೊಲ್ಹಾರದಲ್ಲಿ ಮಾತ್ರ ತಪ್ಪದೆ ಗಾಡಿ ನಿಲ್ಲಿಸಿ. ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದ ಸೇತುವೆ ದಾಟಿದ ಮೇಲೆ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ಸಿಗುತ್ತದೆ. ಬ್ಯಾಗಿನಲ್ಲಿ ಉಳಿದ ಖಡಕ್ ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿಂದರೆ ಬೇರೆ ಊಟ ಬೇಕಿಲ್ಲ.

ಎರಡನೇ ದಾರಿ: ಹಂಪಿ, ಶಿವಮೊಗ್ಗ, ಜೋಗ

ಜೇವರ್ಗಿಯಲ್ಲಿ ಎಡಕ್ಕೆ ತಿರುಗಿ 150ಎ ಹೆದ್ದಾರಿ ಹಿಡಿದರೆ ಶಹಾಪುರ, ಸುರಪುರ, ತಿಂಥಣಿ ಸೇತುವೆ ಮೇಲೆ ಕೃಷ್ಣೆ ದಾಟಿ ಲಿಂಗಸುಗೂರು. ಅಲ್ಲಿಂದ ಗಂಗಾವತಿ, ಆನೆಗೊಂದಿ, ಹಂಪಿ. ಆಮೇಲೆ ಹೊಸಪೇಟೆ, ಹರಿಹರ, ಶಿವಮೊಗ್ಗ, ಸಾಗರ, ಜೋಗ ಮಾಡಿಕೊಂಡು ಹೊನ್ನಾವರಕ್ಕೆ ಇಳಿಯುವುದು. 600 ಕಿ.ಮೀ. ದಾಟುತ್ತದೆ.

ನೆಲದ ದೃಷ್ಟಿಯಿಂದ ಇದು ಚೆನ್ನಾಗಿದೆ. ಶಹಾಪುರದ ಹತ್ತಿರ ಬಂದಂತೆ ಕಲ್ಲುಗುಡ್ಡ ಶುರುವಾಗುತ್ತವೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡವೂ ಅಲ್ಲೇ ಇದೆ. ಗುಡ್ಡಗಳ ಬುಡದಲ್ಲಿ ಮಸಾರಿ, ಅಂದರೆ ಮರಳು ಬೆರೆತ ಕೆಂಪು ಮಣ್ಣು ಸಿಗುತ್ತದೆ. ಮಳೆ ಬಿದ್ದರೂ ನೀರು ನಿಲ್ಲುವುದಿಲ್ಲ, ಗೂಟ ಗಟ್ಟಿಯಾಗಿ ಕೂರುತ್ತದೆ.

ತೊಂದರೆ ಇರುವುದು ಹಂಪಿಯಲ್ಲಿ. ಹಂಪಿ ವಿಶ್ವ ಪರಂಪರೆಯ ತಾಣ, ಸ್ಮಾರಕಗಳ ಮಧ್ಯೆ ಎಲ್ಲೆಂದರಲ್ಲಿ ಟೆಂಟ್ ಹಾಕುವಂತಿಲ್ಲ. ಹೊಳೆ ಆಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಿದರು, ಹಳೆಯ ವಿಡಿಯೋ ನೋಡಿಕೊಂಡು ಅಲ್ಲಿಗೆ ಹೋಗಬೇಡಿ. ಸಾಣಾಪುರದ ಕಡೆ ಬಯಲಲ್ಲಿ, ಕಾಲುವೆ ದಂಡೆಯಲ್ಲಿ ಒಬ್ಬೊಬ್ಬರೇ ರಾತ್ರಿ ಕಳೆಯುವುದೂ ಬೇಡ. 2025ರ ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ಹಲ್ಲೆ ಆಗಿ ಒಬ್ಬರ ಜೀವ ಹೋಯಿತು. ಹಂಪಿ ನೋಡುವುದಾದರೆ ಆ ಎರಡು ರಾತ್ರಿ ಆನೆಗೊಂದಿಯಲ್ಲೋ ಹೊಸಪೇಟೆಯಲ್ಲೋ ರೂಮ್ ಮಾಡಿ ಅನ್ನುವುದು ನನ್ನ ಸಲಹೆ.

ಶಿವಮೊಗ್ಗ ದಾಟಿದ ಮೇಲೆ ಕಾಡು, ತೋಟ, ನೆರಳು. ಬಯಲುಸೀಮೆಯಿಂದ ಹೋದವರಿಗೆ ಕಣ್ಣು ತಂಪಾಗುತ್ತದೆ. ಆದರೆ ಸಾಗರ, ಸೊರಬ, ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಹುಳ ಕಚ್ಚಿದರೆ ಬರುತ್ತದೆ, ಅದೂ ನಾವು ಟ್ರಿಪ್ ಹೋಗುವ ಚಳಿ, ಬೇಸಿಗೆಯ ತಿಂಗಳುಗಳಲ್ಲೇ ಜಾಸ್ತಿ. ನಮ್ಮ ಕಡೆ ಇಲ್ಲದ ಕಾಯಿಲೆ ಆದ್ದರಿಂದ ನಮಗೆ ಇದರ ಅರಿವೇ ಇರುವುದಿಲ್ಲ. ಅಲ್ಲಿ ತರಗೆಲೆ ಬಿದ್ದ ಕಾಡಿನ ನೆಲದ ಮೇಲೆ ಟೆಂಟ್ ಹಾಕಬೇಡಿ, ಮನೆ ಅಂಗಳದಲ್ಲಿ ಜಾಗ ಕೊಡುವ ಹೋಂಸ್ಟೇ ಹುಡುಕಿ. ಸತ್ತ ಮಂಗ ಕಂಡರೆ ಆ ಜಾಗವನ್ನೇ ಬಿಡಿ. ಊರಿನವರನ್ನು ಕೇಳಿ, ಈ ವರ್ಷ ಹೇಗಿದೆ ಅಂತ ಅವರು ಸರಿಯಾಗಿ ಹೇಳುತ್ತಾರೆ.

ಇನ್ನು ಜೋಗ. ಪೂರ್ತಿ ನೀರು ಬೇಕಾದರೆ ಮಳೆಗಾಲದಲ್ಲೇ ಹೋಗಬೇಕು, ಆಗ ಟೆಂಟ್ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ನೀರು ಕಡಿಮೆ. ಜೋಗಕ್ಕಾಗಿಯೇ ಈ ದಾರಿ ಹಿಡಿಯುವುದಾದರೆ ಇದು ಗೊತ್ತಿರಲಿ.

ಮೂರನೇ ದಾರಿ: ಕೃಷ್ಣೆಯ ಜೊತೆಗೆ, ಬಾದಾಮಿ ಮೇಲೆ ದಾಂಡೇಲಿ

ನನಗೆ ಇಷ್ಟ ಇದೇ. ಸುರಪುರದವರೆಗೆ ಎರಡನೇ ದಾರಿಯೇ. ಅಲ್ಲಿಂದ ಹುಣಸಗಿ, ನಾರಾಯಣಪುರ, ನಾಲತವಾಡ, ಮುದ್ದೇಬಿಹಾಳ. ತಂಗಡಗಿ ಸೇತುವೆಯಲ್ಲಿ ಕೃಷ್ಣೆ ದಾಟಿ ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಆಮೇಲೆ ಧಾರವಾಡ, ಹಳಿಯಾಳ, ದಾಂಡೇಲಿ, ಜೋಯಿಡಾ, ಕಾರವಾರ. 600 ಕಿ.ಮೀ. ಹತ್ತಿರ ಆಗುತ್ತದೆ. ನಡುವೆ ಕೆಲವು ಕಡೆ ರೋಡ್ ಸಣ್ಣದು, ಹಂಪ್ ಜಾಸ್ತಿ, ಊರೊಳಗೆ ಎಮ್ಮೆ, ಕುರಿ ಹಿಂಡು. 200 ಕಿ.ಮೀ.ಗೆ ಇಡೀ ದಿನ ಹಿಡಿಯುತ್ತದೆ. ಟೆಂಟ್ ಟ್ರಿಪ್ಪಿಗೆ ಅಷ್ಟೇ ವೇಗ ಬೇಕಾಗಿದ್ದು.

ಈ ದಾರಿಯ ದೊಡ್ಡ ಗುಣ ಅಂದರೆ ಸರಿಯಾದ ಅಂತರಕ್ಕೆ ಸರಿಯಾದ ವಸ್ತಿ ಸಿಗುವುದು. ಬೆಳಿಗ್ಗೆ ಏಳಕ್ಕೆ ಕಲಬುರಗಿ ಬಿಟ್ಟರೆ ಸುರಪುರದಲ್ಲಿ ಊಟ, ಸಮಯ ಇದ್ದರೆ ಗುಡ್ಡದ ಮೇಲಿನ ಟೇಲರ್ ಬಂಗಲೆ ನೋಡಿಕೊಂಡು ಸಂಜೆಗೆ ನಾರಾಯಣಪುರ ಸೀಮೆ. ಬಸವಸಾಗರ ಡ್ಯಾಮಿನ ಹತ್ತಿರ ಟೆಂಟ್ ಹಾಕಲು ಬಿಡುವುದಿಲ್ಲ, ಕೇಳಲೂ ಹೋಗಬೇಡಿ, ಅದು ಭದ್ರತೆಯ ವಿಷಯ. ಡ್ಯಾಮಿನಿಂದ ದೂರ ಬಂದು ಊರ ಪಕ್ಕದ ಹೊಲದಲ್ಲೋ ಗುಡಿಯಲ್ಲೋ ಕೇಳಿ. ಎರಡನೇ ರಾತ್ರಿ ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಸೇರುವ ಜಾಗ, ಬಸವಣ್ಣನವರ ಐಕ್ಯ ಸ್ಥಳ, ಯಾತ್ರಿಕರಿಗೆ ವಸತಿ ಇದೆ. ಇಷ್ಟು ಹತ್ತಿರವೇ ನಿಲ್ಲಬೇಕಾ ಅಂತ ಅನ್ನಿಸಬಹುದು. ಎರಡನೇ ದಿನ ಹಾಗೆ ಬೇಗ ನಿಲ್ಲಿಸಿ, ಕಟ್ಟಿದ ಸಾಮಾನೆಲ್ಲ ಬಿಚ್ಚಿ, ಯಾವುದು ಸುಮ್ನೆ ಹೊತ್ತು ತಂದಿದ್ದೇವೆ ಅಂತ ನೋಡಿ ಮತ್ತೆ ಕಟ್ಟಿದರೆ ಮುಂದಿನ ಎಂಟು ದಿನ ಸುಖ.

ಅಮೀನಗಡದಲ್ಲಿ ಒಂದು ಡಬ್ಬಿ ಕರದಂಟು ತಗೊಳ್ಳಿ, ಟ್ಯಾಂಕ್ ಬ್ಯಾಗಿನಲ್ಲಿ ಇದ್ದರೆ ಹಸಿವಾದಾಗ ಒಂದು ತುಂಡು ಸಾಕು. ಬಾದಾಮಿಯಲ್ಲಿ ಎರಡು ರಾತ್ರಿ ಇರಿ, ಅಲ್ಲೊಂದು ರೂಮ್ ಮಾಡಿ ಬಟ್ಟೆ ಒಗೆದು ಮೊಬೈಲ್, ಪವರ್ ಬ್ಯಾಂಕ್ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಮಾರುವ ಅವ್ವಂದಿರ ಹತ್ತಿರ ಕೂತು ಊಟ ಮಾಡಿ. ಬನದ ಹುಣ್ಣಿಮೆಗೆ, ಅಂದರೆ ಜನವರಿ ಸುಮಾರಿಗೆ, ಅಲ್ಲಿ ದೊಡ್ಡ ಜಾತ್ರೆ. ಆ ದಿನಗಳಲ್ಲಿ ರೂಮೂ ಸಿಗುವುದಿಲ್ಲ, ಟೆಂಟಿಗೂ ಜಾಗ ಇರುವುದಿಲ್ಲ, ಕ್ಯಾಲೆಂಡರ್ ನೋಡಿಕೊಂಡು ಹೊರಡಿ.

ದಾಂಡೇಲಿಯಿಂದ ಕಾರವಾರಕ್ಕೆ ಹೋಗುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ. ದಾಂಡೇಲಿಯಲ್ಲೇ ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊರಟು ಮಧ್ಯಾಹ್ನದೊಳಗೆ ಘಟ್ಟ ಇಳಿಯಿರಿ. ಕಾಡಿನಲ್ಲಿ ನಿಮ್ಮಷ್ಟಕ್ಕೆ ಟೆಂಟ್ ಹಾಕುವ ಹಾಗಿಲ್ಲ.

ಎರೆ ಮಣ್ಣು ಕಲಿಸಿದ ಪಾಠ

ನೆಲ, ನೆಲ ಅಂತ ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಇದೆ. ನನ್ನ ಮೊದಲ ಟ್ರಿಪ್ಪಿನ ಮೊದಲ ರಾತ್ರಿ ಜೇವರ್ಗಿ ದಾಟಿ ಸಿಂದಗಿ ರೋಡಿನಲ್ಲಿ ಒಂದು ಖಾಲಿ ಹೊಲ ನೋಡಿ ಟೆಂಟ್ ಹಾಕಿದೆವು. ನವೆಂಬರ್ ಕೊನೆ, ಆಕಾಶ ತಿಳಿಯಾಗಿತ್ತು. ನೆಲ ಹಾಸಿಗೆ ಹಾಗೆ ಮೆತ್ತಗಿತ್ತು. ರಾತ್ರಿ ಎರಡರ ಸುಮಾರಿಗೆ ಮಳೆ ಬಂತು, ಬರೀ ಒಂದು ಗಂಟೆ. ಬೆಳಿಗ್ಗೆ ಎದ್ದು ನೋಡಿದರೆ ಸೈಡ್ ಸ್ಟ್ಯಾಂಡ್ ಪೂರ್ತಿ ಮಣ್ಣಿನೊಳಗೆ ಇಳಿದು ಗಾಡಿ ಟೆಂಟಿನ ಹಗ್ಗದ ಮೇಲೆ ಒರಗಿತ್ತು. ಇನ್ನೊಂದು ಗೇಣು ಈ ಕಡೆ ಬಿದ್ದಿದ್ದರೆ ನಮ್ಮ ಕಾಲ ಮೇಲೆ. ಎತ್ತಿ ನಿಲ್ಲಿಸಿ ಹತ್ತು ಹೆಜ್ಜೆ ತಳ್ಳಿದೆವು, ಮುಂದಿನ ಚಕ್ರ ತಿರುಗುವುದೇ ನಿಂತುಹೋಯಿತು. ಟೈರಿಗೆ ಅಂಟಿದ ಮಣ್ಣು ಮಡ್‌ಗಾರ್ಡಿನೊಳಗೆ ಹೋಗಿ ಇಟ್ಟಿಗೆ ಹಾಗೆ ಕಚ್ಚಿಕೊಂಡಿತ್ತು. ಕಡ್ಡಿಯಿಂದ ಕೆರೆದು ತೆಗೆದೆವು. ಮತ್ತೆ ಐದು ಹೆಜ್ಜೆ, ಮತ್ತೆ ಅದೇ. ಚಪ್ಪಲಿ ಒಂದೊಂದೂ ಎರಡು ಕಿಲೋ ಆಗಿತ್ತು.

ಹೊಲದ ಯಜಮಾನರು ಬಂದರು. ಬೈಯುತ್ತಾರೆ ಅಂದುಕೊಂಡೆವು, ಕೇಳದೆ ಹಾಕಿದ್ದು ನಮ್ಮದೇ ತಪ್ಪು. ಅವರು ಗಾಡಿ ನೋಡಿ, "ತಮ್ಮಾ, ಎರಿ ನೆಲ ಅದ ಇದು. ಈಗ ತೆಗದಷ್ಟೂ ಮತ್ತ ಹಿಡೀತದ. ಬಿಸಿಲು ಏರಲಿ, ಒಣಗಿದ ಮ್ಯಾಲ ತಾನೇ ಉದರ್ತದ. ಬರ್ರಿ, ಚಹಾ ಕುಡಿಯೋಣ" ಅಂದರು. ಕಾಕಾ ಹೇಳಿದ ಹಾಗೆಯೇ ಆಯಿತು. ಹನ್ನೆರಡು ಗಂಟೆಗೆ ಮಣ್ಣು ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಉದುರಿತು, ರೋಡಿಗೆ ಬಂದೆವು. ಅಷ್ಟರಲ್ಲಿ ಅವರ ಮನೆಯಲ್ಲಿ ರೊಟ್ಟಿ, ಪುಂಡಿ ಪಲ್ಯ ಉಂಡಾಗಿತ್ತು.

ಅವತ್ತಿನಿಂದ ಟೆಂಟ್ ಬಿಚ್ಚುವ ಮೊದಲು ಒಂದು ಹಿಡಿ ಮಣ್ಣು ತಗೊಂಡು ಬಾಟಲಿ ನೀರು ಹಾಕಿ ಅಂಗೈಯಲ್ಲಿ ಹೊಸೆದು ನೋಡುತ್ತೇನೆ. ಶಾವಿಗೆ ಹಾಗೆ ಉದ್ದ ಎಳೆ ಬಂದರೆ ಅದು ಎರೆ, ಮೋಡ ಒಂದು ಚೂರು ಇದ್ದರೂ ಅಲ್ಲಿ ಹಾಕಬಾರದು. ಎಳೆ ಬರದೆ ಪುಡಿಯಾದರೆ ಮಸಾರಿ ಇಲ್ಲವೇ ಮರಳು ಮಣ್ಣು, ಹಾಕಬಹುದು. ಒಣ ಎರೆಯಲ್ಲೂ ಬಿರುಕು ಬಿಟ್ಟ ಕಡೆ ಬೇಡ, ಆ ಬಿರುಕಿನಲ್ಲಿ ಚೇಳು ಇರುತ್ತವೆ. ಶೂ ರಾತ್ರಿ ಒಳಗೇ ಇಟ್ಟುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿ. ಸೈಡ್ ಸ್ಟ್ಯಾಂಡ್ ಕೆಳಗೆ ಇಡಲು ಅಂಗೈ ಅಗಲದ ಪ್ಲೈವುಡ್ ತುಂಡು ಒಂದು ಬ್ಯಾಗಿನಲ್ಲಿರಲಿ.

ಇನ್ನೊಂದು, ಕೊಯ್ಲಾದ ತೊಗರಿ ಹೊಲ. ದೂರದಿಂದ ಬಯಲು ಹಾಗೆ ಕಾಣುತ್ತದೆ. ಆದರೆ ತೊಗರಿ ಕೂಳೆ ಕಟ್ಟಿಗೆ ಹಾಗೆ ಗಟ್ಟಿ, ಕುಡುಗೋಲಿನಿಂದ ಓರೆಯಾಗಿ ಕೊಯ್ದಿರುವುದರಿಂದ ತುದಿ ಚೂಪಾಗಿರುತ್ತದೆ. ಟೆಂಟಿನ ತಳ ಹರಿಯುತ್ತದೆ, ಟೈರೂ ಪಂಕ್ಚರ್. ಡಿಸೆಂಬರ್, ಜನವರಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಅಂಥ ಹೊಲವೇ ಜಾಸ್ತಿ. ಹೊಲದ ಬದಲು ರಾಶಿ ಮಾಡುವ ಕಣ ಕೇಳಿ, ಸಮ ಮಾಡಿ ಬಡಿದ ಗಟ್ಟಿ ನೆಲ ಸಿಗುತ್ತದೆ. ಬಳ್ಳಾರಿ ಜಾಲಿ ಇರುವ ಕಡೆ ಗಾಡಿ ಇಳಿಸಲೇಬೇಡಿ.

ಹೊಲ, ಗುಡಿ, ಬಂಕ್, ಹೊಳೆ ದಂಡೆ

ಬಯಲುಸೀಮೆಯಲ್ಲಿ ಟೆಂಟಿಗಂತಲೇ ಮಾಡಿದ ಜಾಗ ಕಡಿಮೆ. ಹಾಗಾಗಿ ಇರುವುದರಲ್ಲಿ ಆರಿಸಬೇಕು.

ಮನೆ ಇರುವ ಹೊಲ ನನ್ನ ಮೊದಲ ಆಯ್ಕೆ. ಬಾವಿ ನೀರು, ಬೇವಿನ ಮರ, ಹತ್ತಿರದಲ್ಲಿ ಜನ. ಕೇಳುವ ರೀತಿ ಮುಖ್ಯ. ಹೆಲ್ಮೆಟ್ ತೆಗೆದು, ಗಾಡಿ ದೂರ ನಿಲ್ಲಿಸಿ, ನಡೆದು ಹೋಗಿ, "ಕಾಕಾ, ಕಲಬುರಗಿಯಿಂದ ಬಂದೀವಿ, ಒಂದು ರಾತ್ರಿ ಇಲ್ಲಿ ಟೆಂಟ್ ಹಾಕಬಹುದಾ, ಬೆಳಿಗ್ಗೆ ಏಳಕ್ಕೆ ಬಿಡ್ತೀವಿ" ಅಂತ ಪೂರ್ತಿ ಹೇಳಿ. ಎಲ್ಲಿಂದ, ಎಷ್ಟು ಜನ, ಯಾವಾಗ ಹೋಗುತ್ತೀರಿ, ಇದು ಗೊತ್ತಾದರೆ ಬಹಳ ಜನ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳು ಮಾತ್ರ ಇದ್ದರೆ ಒತ್ತಾಯ ಮಾಡದೆ ಮುಂದೆ ಹೋಗಿ. ಬೆಂಕಿ ಹಾಕಬೇಡಿ, ಬಣವೆ ಹತ್ತಿರವಂತೂ ಬೀಡಿ ಕಿಡಿಯೂ ಬೇಡ. ಒಂದು ವರ್ಷದ ದನದ ಮೇವು ಅದು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲದಲ್ಲಿ ಇದ್ದರೆ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣದೆ ಯಾರೂ ಕಳಿಸುವುದಿಲ್ಲ.

ಗುಡಿ, ಮಠ ಎರಡನೆಯದು. ಶರಣಬಸವೇಶ್ವರರ ಊರಿನವರು ನಾವು, ದಾಸೋಹ ಅಂದರೇನು ಅಂತ ಹೇಳಿಸಿಕೊಳ್ಳಬೇಕಿಲ್ಲ. ಸುರಕ್ಷಿತ ಜಾಗ, ಮಳೆ ಬಂದರೆ ಮಂಟಪ ಇದೆ. ಆದರೆ ಬಹುತೇಕ ಕಡೆ ಶಹಾಬಾದ್ ಪರಸಿ ಕಲ್ಲು ಹಾಸಿದ ನೆಲ. ಗೂಟ ಹೊಡೆಯಲು ಆಗುವುದಿಲ್ಲ. ಅದಕ್ಕೇ ಗೂಟ ಇಲ್ಲದೆ ತಾನೇ ನಿಲ್ಲುವ, ಎರಡು ಕಡ್ಡಿ ಅಡ್ಡ ಹಾಕುವ ಗುಮ್ಮಟದ ಟೆಂಟ್ ತಗೊಳ್ಳಿ ಅನ್ನುತ್ತೇನೆ. ಗೂಟದಿಂದಲೇ ನಿಲ್ಲುವ ಹಗುರ ಟೆಂಟ್ ಘಟ್ಟದಲ್ಲಿ ಚೆನ್ನ, ನಮ್ಮ ಪರಸಿ ಮೇಲೆ ನಿಲ್ಲುವುದಿಲ್ಲ. ಡಿಸೆಂಬರ್ ರಾತ್ರಿ ಪರಸಿ ಮಂಜುಗಡ್ಡೆ ಹಾಗೆ ಕೊರೆಯುತ್ತದೆ. ಕೆಳಗೆ ತಾಡಪತ್ರಿ, ಮೇಲೆ ದಪ್ಪ ಫೋಮ್ ಚಾಪೆ ಇಲ್ಲದೆ ನಿದ್ದೆ ಬರುವುದಿಲ್ಲ. ಹಾಸಿಗೆಗೆ ಖರ್ಚು ಮಾಡಿ, ಹೊದಿಕೆಗೆ ಮನೆಯ ಕೌದಿ ಸಾಕು.

ಪೆಟ್ರೋಲ್ ಬಂಕ್, ಧಾಬಾ ಮೂರನೆಯದು. ಬೆಳಕು, ನೀರು, ಕಕ್ಕಸು ಎಲ್ಲ ಇದೆ, ನಿದ್ದೆ ಮಾತ್ರ ಇಲ್ಲ. ಜಾಗ ಸಿಗದೆ ಕತ್ತಲಾದರೆ ಮಾತ್ರ. ಬಂಕಿನಲ್ಲಿ ಸ್ಟವ್ ಹಚ್ಚುವ ಮಾತೇ ಇಲ್ಲ.

ಹೊಳೆ ದಂಡೆ ಎಲ್ಲರಿಗೂ ಇಷ್ಟ, ಫೋಟೋ ಚೆನ್ನಾಗಿ ಬರುತ್ತದೆ. ನಾನು ಬೇಡ ಅನ್ನುತ್ತೇನೆ. ಭೀಮೆಯಲ್ಲಿ ನೀರು ಏರಲು ನಮ್ಮಲ್ಲಿ ಮಳೆ ಆಗಬೇಕಂತಿಲ್ಲ, ಮೇಲೆ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಬಿಟ್ಟರೆ ಸಾಕು. 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರದ ಊರೂರೇ ನೀರಲ್ಲಿ ನಿಂತದ್ದನ್ನು ನೋಡಿದವರು ನಾವು. ಕೃಷ್ಣೆಯಲ್ಲಿ ಮೊಸಳೆ ಇವೆ, ಕಾಳಿಯಲ್ಲೂ ಇವೆ. ನೀರು ಕಾಣುವಷ್ಟು ದೂರದಲ್ಲಿ, ಎತ್ತರದ ಜಾಗದಲ್ಲಿ ಹಾಕಿ. ಪಾತ್ರೆ ತೊಳೆಯಲು ಮುಸ್ಸಂಜೆಯಲ್ಲಿ ಹೊಳೆಗೆ ಇಳಿಯಬೇಡಿ.

ಕುಡಿಯುವ ನೀರಿಗೆ ಹಳ್ಳಿಯ ಶುದ್ಧ ನೀರಿನ ಘಟಕ ನೋಡಿ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಮಡಚುವ ಐದು ಲೀಟರ್ ಕ್ಯಾನ್ ಇಬ್ಬರಿಗೆ ಒಂದು ರಾತ್ರಿಗೆ ಸರಿಹೋಗುತ್ತದೆ.

ಘಟ್ಟದ ಕಡೆ ಲೆಕ್ಕವೇ ಬೇರೆ

ದಾಂಡೇಲಿ, ಜೋಯಿಡಾ, ಗೋಕರ್ಣದಲ್ಲಿ ದುಡ್ಡು ಕೊಟ್ಟು ಟೆಂಟ್ ಹಾಕುವ ಜಾಗ ಬೇಕಾದಷ್ಟಿವೆ. ಫೋಟೋ ನೋಡಿ ನಂಬಬೇಡಿ. ಒಂದು ಕಡೆ ಹೊಳೆ ಪಕ್ಕದ ಶಾಂತ ಜಾಗ ಅಂತ ಹೇಳಿದ್ದರು. ಹೋಗಿ ನೋಡಿದರೆ ಒಂದರ ಹಗ್ಗ ಇನ್ನೊಂದಕ್ಕೆ ತಾಗುವ ಹಾಗೆ ಟೆಂಟ್, ಮಧ್ಯರಾತ್ರಿವರೆಗೆ ಸ್ಪೀಕರ್. ಮುಂಗಡ ಕೊಟ್ಟಿದ್ದರಿಂದ ಅಲ್ಲೇ ಇದ್ದೆವು. ಈಗ ಫೋನಿನಲ್ಲೇ ಕೇಳುತ್ತೇನೆ. ನಮ್ಮದೇ ಟೆಂಟ್ ತಂದರೆ ಎಷ್ಟು? ಸ್ಪೀಕರ್ ಎಷ್ಟು ಗಂಟೆಗೆ ಬಂದ್? ಗಾಡಿ ಟೆಂಟ್ ಪಕ್ಕ ನಿಲ್ಲಿಸಬಹುದಾ? ಕಕ್ಕಸು ಎಷ್ಟಿವೆ? ಇಷ್ಟಕ್ಕೆ ನೇರ ಉತ್ತರ ಕೊಡದವರ ಹತ್ತಿರ ಹೋಗುವುದಿಲ್ಲ. ಶನಿವಾರ, ಭಾನುವಾರ ಆ ಕಡೆ ಇರಬೇಡಿ, ಸೋಮವಾರದಿಂದ ಗುರುವಾರದೊಳಗೆ ಬರುವ ಹಾಗೆ ದಿನ ಹೊಂದಿಸಿ. ಮೂರನೇ ದಾರಿಯಲ್ಲಿ ಗುರುವಾರ ಕಲಬುರಗಿ ಬಿಟ್ಟರೆ ದಾಂಡೇಲಿಗೆ ಸೋಮವಾರ ಸಿಗುತ್ತದೆ.

ಕಡಲ ದಂಡೆಯ ಮರಳಿನ ಮೇಲೆ ನೇರ ಹಾ‌ಕಬೇಡಿ. ಭರತದ ನೀರು ರಾತ್ರಿ ಎಲ್ಲಿವರೆಗೆ ಬರುತ್ತದೆ ಅಂತ ಬಯಲುಸೀಮೆಯವರಿಗೆ ಅಂದಾಜಾಗುವುದಿಲ್ಲ. ದಂಡೆಗೆ ಹೊಂದಿದ ತೋಟದಲ್ಲಿ ಕೇಳಿ, ತೆಂಗಿನ ಮರದ ನೇರ ಕೆಳಗೆ ಮಾತ್ರ ಬೇಡ.

ಗಾಡಿ ಯಾವುದು?

ಇರುವುದೇ ಸಾಕು. ಸ್ಪ್ಲೆಂಡರ್ 112 ಕೆ.ಜಿ., ಟ್ಯಾಂಕ್ 9.8 ಲೀಟರ್. ಹಿಮಾಲಯನ್ 411 ಆದರೆ 199 ಕೆ.ಜಿ., 15 ಲೀಟರ್. ಹೆದ್ದಾರಿಯಲ್ಲಿ, ಘಟ್ಟದಲ್ಲಿ, ಇಬ್ಬರು ಕೂತಾಗ ದೊಡ್ಡ ಗಾಡಿ ಸುಖ. ಹೊಲದ ಹಾದಿಯಲ್ಲಿ, ಮಣ್ಣಿನಲ್ಲಿ ಬಿದ್ದಾಗ ಒಬ್ಬನೇ ಎತ್ತಬೇಕಾದರೆ ಸಣ್ಣ ಗಾಡಿಯೇ ದೇವರು. ಒಬ್ಬರೇ ಮೂರನೇ ದಾರಿ ಹಿಡಿದರೆ ನಾನು ಸಣ್ಣ ಗಾಡಿಗೇ ಮತ ಹಾಕುತ್ತೇನೆ. ಸಾಮಾನು 15 ಕೆ.ಜಿ. ದಾಟದಿರಲಿ, ಭಾರದ್ದು ಕೆಳಗೆ ಮತ್ತು ಮುಂದೆ, ಹಗುರ ಹಿಂದೆ. ಹಳೆಯ ಟ್ಯೂಬ್ ಉದ್ದಕ್ಕೆ ಕೊಯ್ದು ಕಟ್ಟಿದರೆ ಹುಕ್ಕಿನ ರಬ್ಬರ್‌ಗಿಂತ ಗಟ್ಟಿ. ಸ್ಟವ್ ಗ್ಯಾಸಿನ ಸಣ್ಣ ಡಬ್ಬಿ ದಾರಿಯ ಊರುಗಳಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಮನೆಯಲ್ಲಿ ಮಾಡಿದ ಖಡಕ್ ರೊಟ್ಟಿ 30, ಶೇಂಗಾ ಹಿಂಡಿ ಒಂದು ಡಬ್ಬಿ ಕಟ್ಟಿಕೊಂಡರೆ ಸ್ಟವ್ ಬರೀ ಚಹಾಕ್ಕೆ.

ಹೊರಡುವ ಮೊದಲು ಒಂದು ಪರೀಕ್ಷೆ

ಟೆಂಟ್ ಹೊಸದಾದರೆ ನೇರ ಕಡಲಿಗೆ ಹೋಗಬೇಡಿ. ಒಂದು ಶನಿವಾರ ಹುಮನಾಬಾದ್ ಮೇಲೆ ಬೀದರ್‌ಗೆ ಹೋಗಿ, ದಾರಿಯಲ್ಲಿ ಜಲಸಂಗಿಯ ಗುಡಿ ನೋಡಿ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ನೀರು ನಿಲ್ಲದ ನೆಲ. ನಮ್ಮಲ್ಲಿಗಿಂತ ಚಳಿ ಜಾಸ್ತಿ, ಹೊದಿಕೆ ಸಾಲುತ್ತದಾ ಇಲ್ಲವಾ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಸಾಲದಿದ್ದರೂ ಭಯ ಇಲ್ಲ, ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಊಟ ಇದೆ, ಯಾತ್ರಿಕರಿಗೆ ತಂಗಲು ಜಾಗವೂ ಇದೆ. ಬರುವಾಗ ಮನ್ನಾಎಖೇಳ್ಳಿ ಮೇಲೆ ಚಿಂಚೋಳಿಗೆ ಬನ್ನಿ. ಚಂದ್ರಂಪಳ್ಳಿ ಜಲಾಶಯದ ಸುತ್ತ ಇರುವುದು ವನ್ಯಧಾಮ, ರಾತ್ರಿ ಉಳಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ.

ಒಂದೇ ರಾತ್ರಿ ಇದ್ದರೆ ಸನ್ನತಿಯ ಕಡೆ ಹೋಗಿ, 60 ಕಿ.ಮೀ. ಆಸುಪಾಸು. ಹಗಲು ಕನಗನಹಳ್ಳಿಯ ಸ್ತೂಪ, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಜಾಗ ನೋಡಿ. ಸ್ಮಾರಕದ ಆವರಣದಲ್ಲಿ ಟೆಂಟ್ ಇಲ್ಲ, ಊರಲ್ಲಿ ಕೇಳಿ. ಅಲ್ಲಿನ ಮಣ್ಣೂ ಒಂದು ಹಿಡಿ ತಗೊಂಡು ಹೊಸೆದು ನೋಡಿ.